ಗರ್ಭದ ಹಾರ್ಮೋನು ಮತ್ತು ಆಟಿಸಂ: ಒಂದು ವಾದದ ಬಲಾಬಲ

ಗರ್ಭದಲ್ಲಿ ಟೆಸ್ಟೋಸ್ಟಿರಾನ್ ಹೆಚ್ಚಾಗಿದ್ದರೆ ಆಟಿಸಂನ ಸಾಧ್ಯತೆಯೂ ಹೆಚ್ಚುತ್ತದೆ ಎಂಬ ವಾದವನ್ನು ಮುಂದಿಟ್ಟವರಲ್ಲಿ ಪ್ರಮುಖರು ಕೇಂಬ್ರಿಡ್ಜ್‌ನ ಮನೋವಿಜ್ಞಾನಿ ಸೈಮನ್ ಬ್ಯಾರನ್-ಕೋಹೆನ್. ಆಟಿಸಂ ಇದೆಯೆಂದು ಗುರುತಿಸಲಾದವರಲ್ಲಿ ಗಂಡುಮಕ್ಕಳು ಮೂರು-ನಾಲ್ಕು ಪಟ್ಟು ಹೆಚ್ಚು. ಇದನ್ನು ವಿವರಿಸಲು ಅವರು 2002ರಲ್ಲಿ, ಆಟಿಸಂ ಎಂದರೆ ಗಂಡು ಮಿದುಳಿನ ಅತಿರೂಪ ಎಂಬ ಸಿದ್ಧಾಂತವನ್ನು ಮಂಡಿಸಿದರು.

ಈ ಸಂಶೋಧನೆಯ ನಿಜವಾದ ಹಿರಿಮೆ ಅದರ ವಿಧಾನದಲ್ಲಿದೆ. ಬೇರೆ ಕಾರಣಕ್ಕೆ ಗರ್ಭಿಣಿಯರಿಂದ ತೆಗೆದಿಟ್ಟ ಗರ್ಭಜಲದಲ್ಲಿ ಹಾರ್ಮೋನನ್ನು ಅಳೆದು, ಮಕ್ಕಳು ಬೆಳೆದ ಮೇಲೆ ಅವರ ಗುಣಲಕ್ಷಣಗಳೊಡನೆ ಹೋಲಿಸಲಾಯಿತು. ತಾಯಂದಿರ ನೆನಪನ್ನು ನೆಚ್ಚಿದ ಅಧ್ಯಯನಗಳಿಗಿಂತ ಇದು ಎಷ್ಟೋ ಗಟ್ಟಿ. 2009ರ ವರದಿಯಲ್ಲಿ 235 ಮಕ್ಕಳಿದ್ದರು. ಟೆಸ್ಟೋಸ್ಟಿರಾನ್ ಹೆಚ್ಚಿದ್ದವರಲ್ಲಿ ಆಟಿಸಂನ ಲಕ್ಷಣಗಳಿಗೆ ಸಿಕ್ಕ ಅಂಕಗಳೂ ಹೆಚ್ಚಿದ್ದವು. ಆದರೆ ಆ ಅಂಕಗಳು ತಾಯಂದಿರು ತುಂಬಿದ ಪ್ರಶ್ನಾವಳಿಯಿಂದ ಬಂದವು, ವೈದ್ಯರ ರೋಗನಿರ್ಣಯದಿಂದಲ್ಲ. ಗರ್ಭಜಲದ ಪರೀಕ್ಷೆಗೆ ಒಳಗಾಗುವವರಲ್ಲಿ ವಯಸ್ಸಾದ ಗರ್ಭಿಣಿಯರೇ ಹೆಚ್ಚಾದ್ದರಿಂದ ಅವರನ್ನು ಎಲ್ಲ ತಾಯಂದಿರ ಪ್ರತಿನಿಧಿಗಳೆನ್ನಲಾಗದು.

ರೋಗನಿರ್ಣಯದ ಕೊರತೆಯನ್ನು 2015ರ ಡೆನ್ಮಾರ್ಕ್ ಅಧ್ಯಯನ ತುಂಬಿತು. ಆಟಿಸಂ ಇರುವ 128 ಹುಡುಗರನ್ನು ಇಲ್ಲದ 217 ಹುಡುಗರೊಡನೆ ಹೋಲಿಸಿದಾಗ ಹೆಚ್ಚಿದ್ದದ್ದು ಟೆಸ್ಟೋಸ್ಟಿರಾನ್ ಒಂದೇ ಅಲ್ಲ. ಪ್ರೊಜೆಸ್ಟಿರಾನ್, ಕಾರ್ಟಿಸಾಲ್ ಮೊದಲಾದವು ಸೇರಿದ ಇಡೀ ಸ್ಟಿರಾಯ್ಡ್ ಸಮೂಹ. ಮುಂದೆ 2019ರಲ್ಲಿ ಡೆನ್ಮಾರ್ಕಿನ ಅದೇ ಗರ್ಭಜಲ ಸಂಗ್ರಹದಲ್ಲಿ ಈಸ್ಟ್ರೋಜನ್‌ಗಳನ್ನು ಅಳೆದಾಗ ಅವುಗಳ ನಂಟು ಟೆಸ್ಟೋಸ್ಟಿರಾನ್‌ಗಿಂತ ಬಲವಾಗಿ ಕಂಡಿತು. ಹೆಣ್ಣಿನ ಹಾರ್ಮೋನೆಂದೇ ಹೆಸರಾದದ್ದು ಇಷ್ಟು ಮುಂದೆ ನಿಂತ ಮೇಲೂ ‘ಗಂಡು ಮಿದುಳು’ ಎಂಬ ಹೆಸರನ್ನು ಹಾಗೆಯೇ ಉಳಿಸಿಕೊಳ್ಳುವುದು ಸರಿಯಲ್ಲ. ಆ ಹೆಸರಿನಿಂದ ಹಾನಿಯೂ ಇದೆ: ಆಟಿಸಂ ಗಂಡುಮಕ್ಕಳದ್ದೆಂಬ ನಂಬಿಕೆ ಬೇರೂರಿದಷ್ಟೂ ಹೆಣ್ಣುಮಕ್ಕಳಲ್ಲಿ ಅದನ್ನು ಗುರುತಿಸುವುದು ತಡವಾಗುತ್ತದೆ.

ವಿರುದ್ಧ ಫಲಿತಾಂಶಗಳೂ ಇವೆ. ಪಶ್ಚಿಮ ಆಸ್ಟ್ರೇಲಿಯಾದ ಸಂಶೋಧಕರು ಹೊಕ್ಕುಳಬಳ್ಳಿಯ ರಕ್ತವನ್ನು ಅಳೆದಾಗ, ಆ ಮಕ್ಕಳು ಯುವಕರಾದ ಮೇಲಿನ ಲಕ್ಷಣಗಳಿಗೂ ಟೆಸ್ಟೋಸ್ಟಿರಾನ್‌ಗೂ ನಂಟು ಕಾಣಲಿಲ್ಲ. ಆದರೂ ಅದು ಹೆರಿಗೆಯ ಹೊತ್ತಿನ ರಕ್ತ, ಗರ್ಭದ ನಡುವಿನ ತಿಂಗಳುಗಳದ್ದಲ್ಲ. ಅಷ್ಟರಿಂದಲೇ ವಾದ ಬಿದ್ದುಹೋಗದು. ಇನ್ನು, ಡೆನ್ಮಾರ್ಕ್ ಅಧ್ಯಯನದಲ್ಲಿ ಕಂಡ ವ್ಯತ್ಯಾಸ ಗುಂಪುಗಳ ಸರಾಸರಿಯದು, ಆದ್ದರಿಂದ ಒಂದು ಮಗುವಿನ ಭವಿಷ್ಯವನ್ನು ಅದರಿಂದ ಹೇಳಲಾಗದು. ಆ ಹಾರ್ಮೋನು ತಾಯಿಯದೋ, ಮಾಸಿನದೋ, ಭ್ರೂಣದ್ದೋ ಎಂಬುದನ್ನೂ ಗರ್ಭಜಲವೊಂದೇ ಬಿಡಿಸಿ ಹೇಳದು.

ಇಂಥ ಅರ್ಧ ಪುರಾವೆಯನ್ನು ಚಿಕಿತ್ಸೆಗೆ ಎಳೆದುತಂದದ್ದು ಅಕ್ಷಮ್ಯ. ಅಮೆರಿಕದಲ್ಲಿ ಮಾರ್ಕ್ ಗೇಯರ್ ಎಂಬ ವೈದ್ಯರು ಟೆಸ್ಟೋಸ್ಟಿರಾನನ್ನು ತಗ್ಗಿಸುವ ಲ್ಯೂಪ್ರಾನ್ ಔಷಧವನ್ನು ಆಟಿಸಂ ಇರುವ ಮಕ್ಕಳಿಗೆ ಕೊಡುತ್ತಿದ್ದರು. ಮೇರಿಲ್ಯಾಂಡ್ ರಾಜ್ಯ 2011ರಲ್ಲಿ ಅವರ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು. ಗರ್ಭದಲ್ಲಿ ಹಿಂದೆಂದೋ ಇದ್ದ ಹಾರ್ಮೋನಿನ ಪರಿಣಾಮವನ್ನು, ಹುಟ್ಟಿ ವರ್ಷಗಳಾದ ಮಗುವಿನ ರಕ್ತದಲ್ಲಿ ಅದನ್ನು ಇಳಿಸಿ ಅಳಿಸಬಹುದು ಎನ್ನಲು ಈ ಯಾವ ಅಧ್ಯಯನದಲ್ಲೂ ಆಧಾರವಿಲ್ಲ.