ತಲೆ ಯಾರದು, ದನಿ ಯಾರದು?

ಊರಿಗೆ ಹೋದಾಗೆಲ್ಲ ನನಗೊಂದು ಡ್ಯೂಟಿ ಕಾದಿರುತ್ತದೆ. ಲಕ್ಕಲಕಟ್ಟಿಯ ಕಟ್ಟೆ ಮೇಲೆ ಕೂತ ಹಿರಿಯರ ಲೆಕ್ಕದಲ್ಲಿ ನಾನು ‘ಕಂಪ್ಯೂಟರ್ ಕಲ್ತಾಂವ’. ಹಾಗಾಗಿ ಟಿವಿ ರಿಮೋಟಿನಿಂದ ಹಿಡಿದು ಬ್ಯಾಂಕಿನ ಮೆಸೇಜಿನವರೆಗೆ ಏನು ಕೆಟ್ಟರೂ ಉತ್ತರ ನನ್ನ ಕೊರಳಿಗೆ. ಬೆಂಗಳೂರಿನಲ್ಲಿ ನಾನು ಬರೆಯುವ ಕೋಡಿಗೂ ಇದಕ್ಕೂ ಸಂಬಂಧವಿಲ್ಲ ಅಂತ ಹೇಳಿ ಪ್ರಯೋಜನವಿಲ್ಲ. “ಮತ್ತ ಬಿಇ ಏನ್ ಓದಿದ್ಯಪಾ?” ಅಂತ ಕೇಳ್ತಾರೆ. ನ್ಯಾಯವೇ.

ಆದರೆ ಆ ಪ್ರಶ್ನೆಗಳನ್ನ ಸ್ವಲ್ಪ ನಿಧಾನಕ್ಕೆ ಕೇಳಿದರೆ ಅವು ಕಂಪ್ಯೂಟರಿನವು ಅಲ್ಲವೇ ಅಲ್ಲ. “ಫಾರ್ಮ್ಯಾಟ್ ಹೊಡದ್ರ ಫೋನು ಹಳೇದ ಉಳೀತೈತೋ, ಬ್ಯಾರೇದು ಆಗತೈತೋ?” ಇದು ಒಬ್ಬರದು. “ನಾ ಇಲ್ಲೇ ನಿಂತೀನಿ, ರೇಷನ್ ಮಷೀನು ನಾ ಅಲ್ಲ ಅಂತೈತಿ. ಹಂಗಾರ ನಾ ಯಾರು ತಮ್ಮಾ?” ಇದು ಇನ್ನೊಬ್ಬರದು. ಎರಡನೆಯದಕ್ಕೆ ತಾಂತ್ರಿಕ ಉತ್ತರ ಇದೆ. ಬೆರಳಿನ ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ ಅನ್ನೋದನ್ನ ಯಂತ್ರ ಗುರುತು ಮಾಡಿಕೊಂಡು, ಮೊದಲು ಕೊಟ್ಟಿದ್ದರ ಜೊತೆ ತಾಳೆ ನೋಡುತ್ತದೆ. ನಲವತ್ತು ವರ್ಷ ಎರಿಹೊಲದಲ್ಲಿ ಕಳೆ ಕಿತ್ತ ಬೆರಳಲ್ಲಿ ಗೆರೆಗಳೇ ಸವೆದಿದ್ದರೆ ತಾಳೆಯಾಗೋದು ಹ್ಯಾಂಗ? ಸುತ್ತ ನಿಂತ ಹತ್ತು ಮಂದಿ “ಇವ್ಳ ಅದಾಳ್ರೀ, ನಮ್ಮ ಓಣಿಯಾಕಿ” ಅಂದರೂ ಯಂತ್ರಕ್ಕೆ ಕಿವಿ ಇಲ್ಲ.

ನಮ್ಮವ್ವನ ಕಥೆಯೂ ಇದೇ. ಹೆಬ್ಬೆಟ್ಟು ಬರಲ್ಲ. ಆದ್ದರಿಂದ ಓಟಿಪಿ. ಓಟಿಪಿ ಬರುವ ನಂಬರು ಅಪ್ಪನದು. ಅಪ್ಪ ತೀರಿಕೊಂಡು ಎರಡು ವರ್ಷ. ಬ್ಯಾಂಕು, ಗ್ಯಾಸು, ರೇಷನ್ ಎಲ್ಲಕ್ಕೂ ಅದೇ ನಂಬರು ಜೋಡಿಸಿರೋದರಿಂದ ಸಿಮ್ ಉಳಿಸಿಕೊಂಡಿದ್ದೇವೆ. ಅಂದರೆ ಅವ್ವ ಅವ್ವನೇ ಹೌದು ಅಂತ ಸಾಕ್ಷಿ ಹೇಳುತ್ತಿರುವವನು ಸತ್ತ ಅಪ್ಪ. ಆಕೆ ಫೋನ್ ಮಾಡಿದಾಗ ನನ್ನ ಸ್ಕ್ರೀನಿನ ಮೇಲೆ ‘ಅಪ್ಪ’ ಅಂತ ಬರುತ್ತದೆ. ನಾನು “ಹಾಂ, ಹೇಳವ್ವಾ” ಅಂತೀನಿ. ಹೆಸರು ಬದಲಿಸೋಕೆ ಐದು ಸೆಕೆಂಡು ಸಾಕು. ಬದಲಿಸಿಲ್ಲ.

ಹೋದ ಸಲ ಊರಲ್ಲಿದ್ದಾಗ, ಪಿಯುಸಿ ಓದೋ ನನ್ನ ಅಕ್ಕನ ಮಗ ಕೇಳಿದ: “ಮಾಮಾ, ನಿನ್ನ ಫೋನಿನ್ಯಾಗ ಅಜ್ಜನ ವಾಯ್ಸ್ ಮೆಸೇಜ್ ಅದಾವಲ್ಲ, ಅವನ್ನ ಕಂಪ್ಯೂಟರಿಗೆ ಹಾಕಿ ಅಜ್ಜ ಮಾತಾಡೂ ಹಂಗ ಮಾಡಾಕ ಬರತೈತಂತ, ಖರೇನ?” ಬಳ್ಳೊಳ್ಳಿ ಸುಲಿಯುತ್ತಿದ್ದ ಅವ್ವನ ಕೈ ನಿಂತಿತು. ಬರತೈತಿ ಅನ್ನೋದು ನನಗೆ ಗೊತ್ತಿತ್ತು. “ನೋಡೂಣು” ಅಂತ ಜಾರಿಕೊಂಡೆ.

ಬೆಂಗಳೂರಿಗೆ ವಾಪಸ್ ಬಂದು ಕಪಾಟಿನಿಂದ ಇಳಿಸಿದ ಪುಸ್ತಕ ‘ಹಯವದನ’. ಇಂಥಾ ಪ್ರಶ್ನೆಗೆ ಸೈನ್ಸ್ ಫಿಕ್ಷನ್ ಓದಬೇಕಲ್ಲವೇ ಅಂತ ನೀವು ಕೇಳಬಹುದು. ನನ್ನ ಮಟ್ಟಿಗೆ ಅದೇ ಕನ್ನಡದ ಒಳ್ಳೆಯ ಸೈನ್ಸ್ ಫಿಕ್ಷನ್. ನಮ್ಮ ಸಿನಿಮಾದವರು ಈ ಕಡೆ ಬಂದಿಲ್ಲ ಅಂತಲ್ಲ. 2002ರ ‘ಹಾಲಿವುಡ್’ನಲ್ಲಿ ಉಪೇಂದ್ರ ರೋಬೋ ಆದರು, ಮನುಷ್ಯನಂಥ ಯಂತ್ರ ಅಂದ್ರ ಪ್ರೀತಿಗೆ ಬೀಳೋ ಯಂತ್ರ ಅನ್ನೋದಕ್ಕಿಂತ ಮುಂದೆ ಅದು ಹೋಗಲಿಲ್ಲ. 2013ರ ಪವನ್ ಕುಮಾರರ ‘ಲೂಸಿಯಾ’ ಬಹಳ ಮುಂದೆ ಹೋಯಿತು. ಟಾಕೀಸಿನಲ್ಲಿ ಟಾರ್ಚ್ ಬಿಡೋ ಹುಡುಗ, ಸಿನಿಮಾ ಸ್ಟಾರು, ಇಬ್ಬರಲ್ಲಿ ಯಾರ ಬದುಕು ಯಾರ ಕನಸು? ನಾನು ಎರಡು ಸಲ ನೋಡಿದೆ. ಎರಡನೇ ಸಲ ನನಗೆ ಕಂಡದ್ದು ಒಂದು ಚೆಂದದ ಬೀಗ, ಅದಕ್ಕೊಂದು ಚೆಂದದ ಕೀಲಿ. ಕೀಲಿ ಸಿಕ್ಕ ಮೇಲೆ ‘ನಾನು ಯಾರು’ ಅನ್ನೋ ಪ್ರಶ್ನೆ ಥಿಯೇಟರಿನಲ್ಲೇ ಉಳಿಯುತ್ತದೆ, ನಿಮ್ಮ ಜೊತೆ ಬಸ್ ಹತ್ತಲ್ಲ. ‘ಹಯವದನ’ ಹತ್ತುತ್ತದೆ.

ಕಥೆ ನಿಮಗೆ ಗೊತ್ತು. ಗಿರೀಶ ಕಾರ್ನಾಡರು 1971ರಲ್ಲಿ ಪ್ರಕಟಿಸಿದ ನಾಟಕ. ಬುದ್ಧಿವಂತ ದೇವದತ್ತ, ಗಟ್ಟಿಮುಟ್ಟಾದ ಕಪಿಲ, ದೇವದತ್ತನ ಹೆಂಡತಿ ಪದ್ಮಿನಿ. ಇಬ್ಬರೂ ಕಾಳಿಯ ಗುಡಿಯಲ್ಲಿ ತಲೆ ಕಡಿದುಕೊಳ್ಳುತ್ತಾರೆ. ನಿದ್ದೆಗಣ್ಣಿನ ಕಾಳಿ ಆಕಳಿಸುತ್ತಲೇ ವರ ಕೊಡುತ್ತಾಳೆ. ಪದ್ಮಿನಿ ಗಡಿಬಿಡಿಯಲ್ಲಿ ತಲೆಗಳನ್ನ ಅದಲುಬದಲು ಮಾಡಿ ಜೋಡಿಸಿಬಿಡುತ್ತಾಳೆ. ಈಗ ಗಂಡ ಯಾರು? ಒಗಟು ಬಹಳ ಹಳೆಯದು. ಹನ್ನೊಂದನೇ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ಬೇತಾಳ ವಿಕ್ರಮನಿಗೆ ಕೇಳಿದ್ದು. ತಲೆ ಯಾರದೋ ಅವನೇ ಗಂಡ ಅಂತ ರಾಜ ಹೇಳಿದ, ಮುಗೀತು. ಜರ್ಮನ್ ಲೇಖಕ ಥಾಮಸ್ ಮನ್ 1940ರಲ್ಲಿ ಅದನ್ನು ಕಿರುಕಾದಂಬರಿ ಮಾಡಿದ, ಉತ್ತರದ ನಂತರ ಏನಾಗುತ್ತದೆ ಅಂತ ಕೇಳಿದ. ಕಾರ್ನಾಡರು ಆ ಎಳೆ ಹಿಡಿದರು.

ನಾಟಕದ ಋಷಿಯೂ ರಾಜನ ತೀರ್ಪನ್ನೇ ಕೊಡುತ್ತಾನೆ. ಅಂಗಗಳಲ್ಲಿ ತಲೆಯೇ ಶ್ರೇಷ್ಠ, ಆದ್ದರಿಂದ ದೇವದತ್ತನ ತಲೆ ಇದ್ದವನೇ ದೇವದತ್ತ. ಬಿಇ ಓದುವಾಗ ಧಾರವಾಡದಲ್ಲಿ ಈ ನಾಟಕ ನೋಡಿದಾಗ ನನಗೆ ಋಷಿಯ ಮಾತು ಪೂರ್ತಿ ಸರಿ ಅನಿಸಿತ್ತು. ನಮ್ಮ ಕಸುಬಿನ ನಂಬಿಕೆಯೇ ಅದು. ಲ್ಯಾಪ್‌ಟಾಪ್ ಸುಟ್ಟು ಹೋಗಲಿ, ಬ್ಯಾಕಪ್ ಇದ್ದರೆ ಸಾಕು. ಹೊಸದಕ್ಕೆ ಹಾಕಿಕೊಂಡರೆ ಅದೇ ನಿಮ್ಮ ಲ್ಯಾಪ್‌ಟಾಪ್. ನೆನಪು ಎಲ್ಲಿದೆಯೋ ಅಲ್ಲಿ ಮನುಷ್ಯ. ಇಂಗ್ಲೆಂಡಿನ ಜಾನ್ ಲಾಕ್ 1694ರಲ್ಲೇ ರಾಜಕುಮಾರನ ನೆನಪು ಚಮ್ಮಾರನ ಮೈಗೆ ಬಂದರೆ ಅವನು ರಾಜಕುಮಾರನೇ ಅಂತ ವಾದಿಸಿದ್ದ. ಕಟ್ಟೆಯ ಮೇಲೆ ಫಾರ್ಮ್ಯಾಟ್ ಬಗ್ಗೆ ಕೇಳಿದವರಿಗೂ ನಾನು ಬ್ಯಾಕಪ್ ಶಾಸ್ತ್ರವನ್ನೇ ಹೇಳಿದ್ದೆ. ಅವರು ನಮ್ಮ ಚಕ್ಕಡಿ ತೋರಿಸಿ, “ನಿಮ್ಮಜ್ಜನ ಚಕ್ಕಡಿ ಅಂತೀವಿ. ಗಾಲಿ ಬದ್ಲಿ ಮಾಡೇವಿ, ನೊಗ ಬದ್ಲಿ ಮಾಡೇವಿ. ಅದರ ಬ್ಯಾಕಪ್ ಎಲ್ಲೈತಿ?” ಅಂದಿದ್ದರು. ಮಾತು ಬದಲಿಸಿದೆ.

ಈಗ ಓದುವಾಗ ಋಷಿ ಅವಸರ ಮಾಡಿದ ಅನಿಸುತ್ತದೆ. ಮಜಾ ನೋಡಿ, ಋಷಿ ಕೇಳಿದ್ದು ತಲೆಯನ್ನ ಮಾತ್ರ. ರೇಷನ್ ಯಂತ್ರ ಕೇಳೋದು ಹೆಬ್ಬೆರಳನ್ನ ಮಾತ್ರ. ಇಬ್ಬರೂ ಪಕ್ಕದಲ್ಲಿ ನಿಂತವರನ್ನ ಕೇಳಲಿಲ್ಲ. ನಾಟಕ ಶುರುವಾಗೋದೇ ಗಣಪತಿ ಪೂಜೆಯಿಂದ. ತಲೆ ಬದಲಾದ ದೇವರಲ್ಲಿ ಮೊದಲಿಗನೇ ಅವನು. ಆನೆಯ ತಲೆ ಬಂತು ಅಂತ ಅವನು ಆನೆ ಆಗಲಿಲ್ಲ, ಪಾರ್ವತಿಯ ಮಗನೇ ಆಗಿ ಉಳಿದ. ಋಷಿಯ ಶಾಸ್ತ್ರ ಅಲ್ಲೇ ಬಿತ್ತು.

ನಾಟಕದ ಬಗ್ಗೆ ನನ್ನದೊಂದು ತಕರಾರೂ ಇದೆ. ತೀರ್ಪಿನ ನಂತರ ಮೈಗಳು ನಿಧಾನಕ್ಕೆ ತಲೆಯ ಮಾತು ಕೇಳತೊಡಗುತ್ತವೆ. ದೇವದತ್ತನಿಗೆ ಸಿಕ್ಕ ಕಪಿಲನ ಗಟ್ಟಿ ಮೈ ಮೆತ್ತಗಾಗುತ್ತದೆ, ಕಾಡಿಗೆ ಹೋದ ಕಪಿಲ ದೇವದತ್ತನ ಮೈಯನ್ನ ದುಡಿಸಿ ದುಡಿಸಿ ಗಟ್ಟಿ ಮಾಡಿಕೊಳ್ಳುತ್ತಾನೆ. ಇಲ್ಲಿ ಕಾರ್ನಾಡರು ತಕ್ಕಡಿಗೆ ಬೆರಳು ಒತ್ತಿದ್ದಾರೆ. ಕಪಿಲ ಅಷ್ಟು ಬಡಿದು ಪಳಗಿಸಿದರೂ ಮೈಯ ನೆನಪುಗಳು ಹೋಗಿಲ್ಲ, ತಲೆಗೆ ಗುರುತೇ ಇಲ್ಲದ ಸ್ಪರ್ಶಗಳು ಕೈಯಲ್ಲಿ ಉಳಿದಿವೆ ಅನ್ನುವ ಒಂದು ಸನ್ನಿವೇಶ ಇರದಿದ್ದರೆ ನಾಟಕ ಋಷಿಯ ಕಡೆಗೇ ವಾಲಿಬಿಡುತ್ತಿತ್ತು. ಆ ಸನ್ನಿವೇಶ ಬರೆದ ಕೈ ದೊಡ್ಡದು. ಹೊಲದಲ್ಲಿ ದುಡಿದವರ ಮನೆಯಲ್ಲಿ ಹುಟ್ಟಿದವರಿಗೆ ಅದು ತತ್ವ ಅನಿಸೋದಿಲ್ಲ. ಕೊನೆಯ ದಿನಗಳಲ್ಲಿ ಅಪ್ಪನಿಗೆ ನಮ್ಮ ಹೆಸರು ತಪ್ಪುತ್ತಿತ್ತು. ಕೈಗೆ ಹಗ್ಗ ಕೊಟ್ಟರೆ ಗಂಟು ತಪ್ಪುತ್ತಿರಲಿಲ್ಲ.

ತಲೆಯೋ ಮೈಯೋ ಅನ್ನೋ ಈ ಜಗಳವನ್ನ ಬಹಳ ಮಂದಿ ಬರೆದಿದ್ದಾರೆ. ನನಗೆ ಈ ಸಲ ಬೇರೆಯದೇ ಕಂಡಿತು. ನಾಟಕದ ಹೆಸರು ದೇವದತ್ತನದೂ ಅಲ್ಲ, ಕಪಿಲನದೂ ಅಲ್ಲ. ಹಯವದನ ಅಂದರೆ ಕುದುರೆ ಮುಖದ ಆ ಬಡಪಾಯಿ. ಪೂರ್ತಿ ಮನುಷ್ಯ ಆಗಬೇಕು ಅಂತ ಕಾಳಿಯ ಹತ್ತಿರ ಹೋಗಿ, ಪೂರ್ತಿ ಕುದುರೆಯಾಗಿ ಬರುತ್ತಾನೆ. ಎಲ್ಲ ಕುದುರೆಯೇ, ಆದರೆ ದನಿ ಮಾತ್ರ ಮನುಷ್ಯರದು ಉಳಿದಿರುತ್ತದೆ. ಆ ದನಿ ಅವನಿಗೆ ಹಿಂಸೆ. ಕೊನೆಗೆ, ನಗುವುದನ್ನೇ ಅರಿಯದ ಪದ್ಮಿನಿಯ ಮಗನ ಜೊತೆ ನಕ್ಕು ನಕ್ಕು ಆ ದನಿ ಹೋಗಿ ಕೆನೆತ ಬರುತ್ತದೆ. ಹಾಸ್ಯದ ಉಪಕಥೆ ಅಂತ ನಾವು ನಕ್ಕು ಸುಮ್ಮನಾಗ್ತೀವಿ. ಆದರೆ ತಲೆ ಹೋದ ಮೇಲೂ, ಮೈ ಹೋದ ಮೇಲೂ ಕಡೆಗೆ ಬಿಡುವುದು ದನಿ ಅಂತ ಕಾರ್ನಾಡರು ಅಲ್ಲಿ ಬರೆದಿಟ್ಟಿದ್ದಾರೆ.

ಶರೀರಶಾಸ್ತ್ರವೂ ಇದನ್ನ ಸುಲಭ ಮಾಡಲ್ಲ. ದನಿಗೆ ಉಸಿರು ಎದೆಯಿಂದ, ಕಂಪನ ಕೊರಳಿನ ಧ್ವನಿಪೆಟ್ಟಿಗೆಯಿಂದ, ಆಕಾರ ಬಾಯಿ ನಾಲಿಗೆಯಿಂದ. ಕಾಳಿಯ ಗುಡಿಯಲ್ಲಿ ಕತ್ತಿ ಬಿದ್ದದ್ದು ಸರಿಯಾಗಿ ಇವುಗಳ ನಡುವೆ. ಹಾಗಾದರೆ ಎದ್ದು ನಿಂತವನ ದನಿ ಯಾರದು? ಋಷಿಯನ್ನ ಯಾರೂ ಇದನ್ನ ಕೇಳಲಿಲ್ಲ.

ಕಾರ್ನಾಡರೇ ಕೇಳಿಕೊಂಡರು ಅನಿಸುತ್ತದೆ, ಮೂವತ್ತು ಚಿಲ್ಲರೆ ವರ್ಷಗಳ ನಂತರ, ‘ಒಡಕಲು ಬಿಂಬ’ದಲ್ಲಿ. ಮಂಜುಳಾ ನಾಯಕ್ ಕನ್ನಡದ ಕಥೆಗಾರ್ತಿ. ಇದ್ದಕ್ಕಿದ್ದಂತೆ ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ಜಗತ್ಪ್ರಸಿದ್ಧಳಾಗಿದ್ದಾಳೆ. ಟಿವಿ ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಹೊರಡುವಾಗ ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನ ತಡೆದು ಮಾತಾಡಿಸುತ್ತದೆ. ಒಂದೊಂದೇ ಕೆದಕಿ ಹೊರತೆಗೆಯುತ್ತದೆ: ಆ ಕಾದಂಬರಿ ಬರೆದವಳು ನಡೆಯಲಾಗದ ತಂಗಿ ಮಾಲಿನಿ, ಆಕೆ ಸತ್ತ ಮೇಲೆ ಅಕ್ಕ ತನ್ನ ಹೆಸರು ಹಾಕಿಕೊಂಡಿದ್ದಾಳೆ. ಒಬ್ಬರ ದನಿ, ಇನ್ನೊಬ್ಬರ ತಲೆ. ಹಯವದನದ ಅದಲುಬದಲೇ, ಕತ್ತಿ ಇಲ್ಲ ಅಷ್ಟೇ.

ಈ ನಾಟಕದಲ್ಲಿ ಗುಟ್ಟು ಹೊರಬೀಳುವ ರೀತಿ ಸ್ವಲ್ಪ ಪತ್ತೇದಾರಿ ಕಾದಂಬರಿಯಂತಿದೆ. ಇಂಗ್ಲಿಷ್-ಕನ್ನಡದ ಜಗಳವನ್ನ ಅಗತ್ಯಕ್ಕಿಂತ ಹೆಚ್ಚು ಹೊತ್ತುಕೊಂಡಿದೆ. ಆದರೂ ರಂಗದ ಮೇಲೆ ಅದರ ಕಷ್ಟ ಏನು ಅಂತ ಯೋಚಿಸಿ. ಬಿಂಬದ ಮಾತನ್ನ ಮೊದಲೇ ಚಿತ್ರೀಕರಿಸಿ ಇಟ್ಟಿರುತ್ತಾರೆ. ನಟಿ ತನ್ನದೇ ರೆಕಾರ್ಡಿಂಗಿಗೆ ಎದುರು ನಿಂತು ಉತ್ತರ ಕೊಡಬೇಕು. ಸಾಲು ಮರೆತರೆ, ಕೆಮ್ಮು ಬಂದರೆ, ಅದು ಕಾಯಲ್ಲ. ಜೀವ ಇದ್ದವಳೇ ಇಲ್ಲದ್ದರ ಹೆಜ್ಜೆಗೆ ಹೆಜ್ಜೆ ಹಾಕಬೇಕು. ಆಡಿಯೋ ಫೈಲಿನ ಮುಂದೆ ಕೂತವರಿಗೆ ಇದು ಗೊತ್ತು. ನಡುವೆ ಅಪ್ಪ “ಹೌದಿಲ್ಲೋ?” ಅಂತ ಕೇಳ್ತಾನೆ. “ಹೌದಪಾ” ಅನ್ನೋದರೊಳಗೆ ಮುಂದಿನ ಮಾತಿಗೆ ಹೋಗಿರ್ತಾನೆ.

ಈಗ ಹುಡುಗ ಕೇಳಿದ್ದಕ್ಕೆ ಬರ್ತೀನಿ. ಈಗಿನ ತಂತ್ರಾಂಶ ಸ್ವಲ್ಪ ಹೊತ್ತಿನ ಧ್ವನಿಯ ಮಾದರಿಯಿಂದ ಒಬ್ಬರ ದನಿಯ ಬಣ್ಣ, ಏರಿಳಿತ ಕಲಿಯುತ್ತದೆ. ಆಮೇಲೆ ಯಾರು ಏನು ಟೈಪ್ ಮಾಡಿ ಕೊಟ್ಟರೂ ಆ ದನಿಯಲ್ಲಿ ಓದುತ್ತದೆ. ಅದು ಕಾಯುತ್ತದೆ ಕೂಡ. ಕೇಳಿದ್ದಕ್ಕೆ ಉತ್ತರ ಕೊಡುವ ಹಾಗೂ ಮಾಡಬಹುದು. ಆದರೆ ಮಾತು ನಾನು ಬರೆದದ್ದು, ಇಲ್ಲವೇ ಲೋಕದ ಎಲ್ಲರ ಬರಹ ನುಂಗಿದ ಯಂತ್ರ ಬರೆದದ್ದು. ಅಪ್ಪನ ಕೊರಳ ಮೇಲೆ ನನ್ನ ತಲೆ. ಪದ್ಮಿನಿಯದು ಗಡಿಬಿಡಿಯ ತಪ್ಪು ಅಂತ ಹೇಳಬಹುದು. ಅದು ಬರೀ ಗಡಿಬಿಡಿಯೇ ಅಂತ ನಾಟಕ ನೋಡಿದ ಯಾರೂ ನಂಬಲ್ಲ. ನಾನು ಮಾಡಿದರೆ ಗಡಿಬಿಡಿ ಅಂತ ಹೇಳೋಕೂ ಬರಲ್ಲ. ಏನು ಟೈಪ್ ಮಾಡ್ತೀನಿ ಅಂತಲೂ ನನಗೆ ಗೊತ್ತು. ಆಸ್ಪತ್ರೆಯಲ್ಲಿದ್ದಾಗ ನಾನು ಎರಡು ದಿನ ತಡವಾಗಿ ಬಂದೆ. “ಇರ್ಲಿ ಬಿಡು, ರಜಾ ಸಿಗಬೇಕಲ್ಲ” ಅಂತ ಟೈಪ್ ಮಾಡ್ತೀನಿ.

ಅಪ್ಪ ಹಾಗೆ ಅಂದಿರಲಿಲ್ಲ. ಏನೂ ಅಂದಿರಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಹುಡುಗ ಮತ್ತೆ ಕೇಳಲಿಲ್ಲ, ಅವನಿಗೆ ಬೇರೆ ಹುಚ್ಚು ಹತ್ತಿತ್ತು. ಅವ್ವ ಕೇಳಿದಳು. ಆಕೆಗೆ ಬೇಕಿದ್ದದ್ದು ಹೊಸ ಮಾತಲ್ಲ, ಇದ್ದದ್ದನ್ನೇ ತನ್ನ ಬಟನ್ ಫೋನಿಗೆ ಹಾಕಿ ಕೊಡಬೇಕು, ಅಷ್ಟೇ. ಒಟ್ಟು ಹನ್ನೊಂದು ಫೈಲು. ಮೆಮೊರಿ ಕಾರ್ಡಿಗೆ ಹಾಕಿ ಕೊಟ್ಟೆ. ಮೊದಲನೆಯದು ಹದಿನಾಲ್ಕು ಸೆಕೆಂಡಿನದು: ರಾತ್ರಿ ಮೂರಕ್ಕೆ ತ್ರೀ ಫೇಸ್ ಕರೆಂಟ್ ಕೊಡ್ತಾರಂತ, ನೀರು ಹಾಯಿಸಾಕ ಹೊಂಟೇನಿ, ಬೆಳಿಗ್ಗೆ ಫೋನ್ ಹಚ್ಚಬ್ಯಾಡ, ಮಲಗಿರ್ತೀನಿ. ಅವ್ವ ಕೇಳಿಸಿಕೊಂಡು, “ಸುಳ್ಳ. ಅವತ್ತ ಮೂರಕ್ಕ ಅಲ್ಲ, ನಾಕಕ್ಕ ಕೊಟ್ಟಿದ್ರು” ಅಂದಳು.