ನೀರಿಗಿಳಿದ ಮರ

ಅಮೆರಿಕ ದೇಶದ ಮಧ್ಯಭಾಗದಲ್ಲಿ, ಮಿಸ್ಸೌರಿ, ಕಾನ್ಸಾಸ್, ಒಕ್ಲಹೋಮ ಮೊದಲಾದ ಸೀಮೆಗಳ ಹೊಲ ಹುಲ್ಲುಗಾವಲುಗಳ ನಡುವೆ, ದನಕರುಗಳ ನೀರಡಿಕೆಗೆಂದೂ ಮಳೆನೀರಿನೊಡನೆ ಕೊಚ್ಚಿಹೋಗುವ ಮೇಲ್ಮಣ್ಣನ್ನು ತಡೆಯಲೆಂದೂ ಕಟ್ಟಿಸಿದ ಸಣ್ಣ ಸಣ್ಣ ಕೊಳಗಳು ಅಸಂಖ್ಯವಾಗಿವೆ. 1935ರಲ್ಲಿ ಅಲ್ಲಿಯ ಸರ್ಕಾರವು ಭೂಸಾರದ ಸಂರಕ್ಷಣೆಗೆಂದೇ ಪ್ರತ್ಯೇಕವಾದ ಇಲಾಖೆಯೊಂದನ್ನು ಸ್ಥಾಪಿಸಿದ ತರುವಾಯ ಇವುಗಳ ಸಂಖ್ಯೆ ಬೆಳೆಯುತ್ತ ಹೋಯಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಲಬಾಮ ಸಂಸ್ಥಾನದ ಆಬರ್ನ್‌ನಲ್ಲಿ ಹೋಮರ್ ಸ್ಕಾಟ್ ಸ್ವಿಂಗಲ್ ಎಂಬ ವಿಜ್ಞಾನಿಗಳು, ಇಂಥ ಕೊಳದಲ್ಲಿ ಯಾವ ಮೀನನ್ನು ಎಷ್ಟು ಬಿಟ್ಟರೆ ರೈತನ ಮನೆಗೆ ವರ್ಷವರ್ಷವೂ ಮೀನು ದೊರೆಯುವುದೆಂಬುದನ್ನು ಬಹುಕಾಲ ಪರೀಕ್ಷಿಸಿ, ಹುಳುಹುಪ್ಪಟೆಗಳನ್ನು ತಿನ್ನುವ ಬ್ಲೂಗಿಲ್ ಮೀನನ್ನೂ ಆ ಬ್ಲೂಗಿಲ್ಲನ್ನು ತಿನ್ನುವ ಲಾರ್ಜ್‌ಮೌತ್ ಬಾಸ್ ಮೀನನ್ನೂ ಜೊತೆಗೂಡಿಸಿ ಬಿಡುವ ಪದ್ಧತಿಯನ್ನು ರೂಢಿಗೆ ತಂದರು. ನೀರು ಬಂದಿತು, ಮೀನೂ ಬಂದಿತು. ಆದರೆ ಯಂತ್ರದಿಂದ ಅಗೆದು ಸಮಮಾಡಿದ ಆ ಕೊಳಗಳ ತಳವು ತೊಳೆದಿಟ್ಟ ಬೋಗುಣಿಯಂತೆ ನುಣುಪು. ಬೇರಿಲ್ಲ, ಬೊಡ್ಡೆಯಿಲ್ಲ, ಮರಿಮೀನು ಅಡಗುವುದಕ್ಕೆ ಗೇಣುದ್ದದ ಮರೆಯಿಲ್ಲ. ಈ ಕೊರತೆಯನ್ನು ತುಂಬುವುದಕ್ಕಾಗಿ ಮರವನ್ನು ಕಡಿದು ನೀರಿನಲ್ಲಿ ಮುಳುಗಿಸುವ ಸಂಪ್ರದಾಯವೊಂದು ಅಲ್ಲಿ ಬೆಳೆದುಬಂದಿದೆ. ಈ ವಾರದ ಅಂಕಣವನ್ನು ಅದಕ್ಕೆ ಮೀಸಲಿಟ್ಟಿದ್ದೇನೆ.

ಸಂಪ್ರದಾಯವೇನೋ ಸರಳವಾದುದು. ಕ್ರಿಸ್‌ಮಸ್ ಕಳೆದು ಜನವರಿ ಬಂದಿತೆಂದರೆ ಮನೆಮನೆಯ ಅಲಂಕಾರದ ಮರಗಳು ಬೀದಿಗೆ ಬೀಳುತ್ತವೆ. ಅವುಗಳ ಜರತಾರಿ, ದೀಪದ ಸರ ಮೊದಲಾದುವನ್ನು ಕಳಚಿ, ಬುಡಕ್ಕೆ ಸಿಮೆಂಟಿನ ಟೊಳ್ಳು ಇಟ್ಟಿಗೆಯನ್ನು ತಂತಿಯಿಂದ ಬಿಗಿದು, ದೋಣಿಯಲ್ಲಿ ಒಯ್ದು ಜಲಾಶಯಗಳಲ್ಲಿ ಮುಳುಗಿಸುವ ಕೆಲಸವನ್ನು ಅನೇಕ ಸಂಸ್ಥಾನಗಳ ಮೀನು ಇಲಾಖೆಗಳೂ, ಅಲ್ಲಿಯ ಹಲವು ಅಣೆಕಟ್ಟುಗಳನ್ನು ನೋಡಿಕೊಳ್ಳುವ ಸೈನ್ಯದ ಇಂಜಿನಿಯರುಗಳ ದಳವೂ ಗಾಳಗಾರರ ನೆರವಿನಿಂದ ನಡೆಸುತ್ತವೆ. ಖಾಸಗಿ ಕೊಳದ ಒಡೆಯನಿಗೆ ಇನ್ನೂ ಹತ್ತಿರದ ದಾರಿಯುಂಟು. ಕಾಡ್ಗಿಚ್ಚನ್ನು ಮನುಷ್ಯನು ಹತ್ತಿಕ್ಕಿದಂದಿನಿಂದ ರೆಡ್ ಸೀಡರ್ ಎಂಬ ಜೂನಿಪರ್ ಜಾತಿಯ ಮರವು ಆ ಸೀಮೆಯ ಹುಲ್ಲುಗಾವಲುಗಳನ್ನು ನುಂಗುತ್ತ ಬಂದಿದೆ. ಅದನ್ನು ಕಡಿದವನಿಗೆ ಹುಲ್ಲಿನ ಪುಣ್ಯವೂ ಮೀನಿನ ಪುಣ್ಯವೂ ಒಂದೇ ಏಟಿಗೆ ಲಭಿಸುತ್ತವೆ. ನೀರು ಹೆಪ್ಪುಗಟ್ಟುವ ಉತ್ತರದ ಸೀಮೆಗಳಲ್ಲಂತೂ ದೋಣಿಯ ತೊಡಕೇ ಇಲ್ಲ: ಚಳಿಗಾಲದಲ್ಲಿ ಮರವನ್ನು ಮಂಜುಗಡ್ಡೆಯ ಮೇಲೆ ಬೇಕಾದ ಸ್ಥಳಕ್ಕೆ ಎಳೆದು, ಭಾರ ಕಟ್ಟಿಟ್ಟು ಮನೆಗೆ ಹೋದರಾಯಿತು; ವಸಂತಕಾಲದ ಬಿಸಿಲು ಉಳಿದ ಕೆಲಸವನ್ನು ತಾನೇ ಮುಗಿಸುತ್ತದೆ.

ಮರವಿದ್ದಲ್ಲಿ ಮೀನಿರುವುದನ್ನು ಗಾಳ ಹಿಡಿದ ಯಾರೂ ಅಲ್ಲಗಳೆಯರು. ಕ್ರ್ಯಾಪಿ ಎಂಬ ಚಪ್ಪಟೆ ಮೀನಂತೂ ಮುಳುಗಿದ ಪೊದೆಯನ್ನು ಬಿಟ್ಟು ಹೆಚ್ಚು ದೂರ ಹೋಗುವುದೇ ಅಪರೂಪ. ವಿವಾದವಿರುವುದು ಬೇರೊಂದು ಪ್ರಶ್ನೆಯನ್ನು ಕುರಿತು: ಮರವು ಮೀನನ್ನು ಹೆಚ್ಚಿಸುತ್ತದೆಯೋ, ಅಥವಾ ಕೊಳದಲ್ಲೆಲ್ಲ ಚದುರಿದ್ದ ಮೀನನ್ನು ಒಂದೆಡೆಗೆ ಕರೆತಂದು ನಮ್ಮ ಗಾಳದ ಮುಂದೆ ನಿಲ್ಲಿಸುತ್ತದೆಯೋ? ಎರಡನೆಯದೇ ನಿಜವಾಗಿದ್ದ ಪಕ್ಷದಲ್ಲಿ ನಾವು ಮಾಡುತ್ತಿರುವುದು ಮತ್ಸ್ಯೋಪಕಾರವಲ್ಲ, ಮತ್ಸ್ಯಸಂಹಾರದ ಅನುಕೂಲ. ಗಾಳಗಾರರ ಕೂಟಗಳಲ್ಲಿ ಈ ಪ್ರಶ್ನೆಯನ್ನೆತ್ತಿದರೆ ಮಾತು ಬೇಗನೆ ಬೇರೆ ಕಡೆಗೆ ಹೊರಳುವುದನ್ನು ನಾನು ಗಮನಿಸಿದ್ದೇನೆ.

ಉತ್ತರವನ್ನು ಹುಡುಕುವುದಕ್ಕೆ ಮೊದಲು ಮರದ ಮೇಲೆ ನಡೆಯುವ ವ್ಯಾಪಾರವನ್ನು ನೋಡಬೇಕು. ನೀರಿಗಿಳಿದ ಕೆಲವೇ ವಾರಗಳಲ್ಲಿ ಅದಕ್ಕೆ ಲೋಳೆ ಹತ್ತುತ್ತದೆ. ಕೈಗೆ ಅಸಹ್ಯವಾದ ಈ ಲೋಳೆಯೇ ಸಮಸ್ತಕ್ಕೂ ಮೂಲ. ಬಿಸಿಲು ತಲುಪುವಷ್ಟು ಆಳದಲ್ಲಿ ಪ್ರತಿಯೊಂದು ಕಡ್ಡಿಯ ಸುತ್ತಲೂ ಸೂಕ್ಷ್ಮವಾದ ಪಾಚಿ, ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಪದರಗಟ್ಟುತ್ತವೆ. ಆ ಪದರವನ್ನು ಮೇಯುವುದಕ್ಕೆ ಬಸವನಹುಳುಗಳೂ ಸೊಳ್ಳೆಯನ್ನು ಹೋಲುವ ಆದರೆ ಕಚ್ಚದ ಕೀಟಗಳ ಎಳೆಮರಿಗಳೂ ಬರುತ್ತವೆ. ಅವನ್ನು ಹಿಡಿಯಲು ಏರೋಪ್ಲೇನ್ ಚಿಟ್ಟೆಯ ಜಲವಾಸಿ ಮರಿಗಳು ಹೊಂಚುಹಾಕುತ್ತವೆ. ಇವೆಲ್ಲವನ್ನೂ ಹೆಕ್ಕುವುದಕ್ಕೆ ಬೆರಳುದ್ದದ ಬ್ಲೂಗಿಲ್‌ಗಳು ಕೊಂಬೆಗಳ ಸಂದಿನಲ್ಲಿ ನಿಲ್ಲುತ್ತವೆ. ಅವುಗಳ ಮೇಲೆ ಕಣ್ಣಿಟ್ಟು, ನೆರಳಿನ ಅಂಚಿನಲ್ಲಿ, ರೆಕ್ಕೆಯನ್ನಷ್ಟೇ ಅಲ್ಲಾಡಿಸುತ್ತ ಬಾಸ್ ನಿಂತಿರುತ್ತದೆ. ಆದಕಾರಣ ಮರದ ಬೆಲೆಯನ್ನು ಅದರ ತೂಕದಿಂದ ಅಳೆಯಲಾಗದು. ಕೊಂಬೆ ಸವರಿದ ದಪ್ಪ ದಿಮ್ಮಿಗಿಂತ, ಸಣ್ಣ ಸಣ್ಣ ಕಡ್ಡಿಗಳನ್ನೆಲ್ಲ ಉಳಿಸಿಕೊಂಡ ನಡುತರದ ಮರದಲ್ಲಿ ಲೋಳೆ ಹತ್ತುವ ಮೈ ಎಷ್ಟೋ ಪಾಲು ಅಧಿಕ.

ಇನ್ನು ವಿವಾದದ ವಿಷಯ. ಇದಕ್ಕೆ ನಾನು ಬಲ್ಲಮಟ್ಟಿಗೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯವು ದೊರೆತದ್ದು ಮರವನ್ನು ಹಾಕಿದ್ದರಿಂದಲ್ಲ, ತೆಗೆದದ್ದರಿಂದ. ವಿಸ್ಕಾನ್ಸಿನ್ ಸಂಸ್ಥಾನದ ಉತ್ತರಭಾಗದಲ್ಲಿ ಲಿಟ್ಲ್ ರಾಕ್ ಎಂಬ ಸರೋವರವಿದೆ. ಆಮ್ಲಮಳೆಯ ಪರಿಣಾಮವನ್ನು ಅರಿಯುವುದಕ್ಕಾಗಿ 1984ರಲ್ಲಿ ಅದನ್ನು ತೆರೆಯೊಂದರಿಂದ ಎರಡು ಭಾಗಮಾಡಿದ್ದರು. ಆ ವಿಭಾಗದ ಸೌಕರ್ಯವನ್ನೇ ಬಳಸಿಕೊಂಡು, 2002ರಲ್ಲಿ ಗ್ರೆಗ್ ಸಾಸ್ ಮತ್ತು ಅವರ ಸಂಗಡಿಗರು ಒಂದು ಭಾಗದ ದಡದಂಚಿನ ನೀರಿನಲ್ಲಿ ತಾನಾಗಿ ಬಿದ್ದು ಮುಳುಗಿದ್ದ ಮರಗಳಲ್ಲಿ ನೂರಕ್ಕೆ 75ರಷ್ಟನ್ನು ಎತ್ತಿ ಹೊರಹಾಕಿಸಿ, ಮತ್ತೊಂದನ್ನು ಇದ್ದಂತೆಯೇ ಬಿಟ್ಟರು. ಮರ ಕಳೆದುಕೊಂಡ ಭಾಗದಲ್ಲಿ ಯೆಲ್ಲೊ ಪರ್ಚ್ ಎಂಬ ಮೀನು ಕ್ಷೀಣಿಸಿ ಕ್ಷೀಣಿಸಿ ಕಾಣುವುದೇ ದುರ್ಲಭವಾಯಿತು. ಇದರಲ್ಲಿ ಆಶ್ಚರ್ಯವಿಲ್ಲ, ಪರ್ಚ್ ತನ್ನ ಮೊಟ್ಟೆಗಳನ್ನು ಲೋಳೆಯ ಉದ್ದನೆಯ ಪಟ್ಟಿಯಾಗಿ ಮುಳುಗಿದ ಕೊಂಬೆಗಳ ಮೇಲೆ ಇಳಿಬಿಡುವ ಮೀನು, ಮರಿಗಳಿಗೂ ಆ ಕೊಂಬೆಗಳೇ ಆಶ್ರಯ. ಆಶ್ಚರ್ಯಪಡಬೇಕಾದದ್ದು ಬಾಸಿನ ಗತಿಯನ್ನು ಕಂಡು. ತಿನ್ನುವುದಕ್ಕೆ ಮೀನು ಸಾಲದೆ, ದಡದಿಂದ ನೀರಿಗೆ ಬೀಳುವ ನೆಲದ ಜೀವಿಗಳನ್ನು ಅದು ಹೆಚ್ಚುಹೆಚ್ಚಾಗಿ ನೆಚ್ಚಬೇಕಾಯಿತು; ಅದರ ಬೆಳವಣಿಗೆಯೂ ಕುಂಠಿತವಾಯಿತು. ಮರವು ಮೀನನ್ನು ಕೂಡಿಸುವ ನೆಪ ಮಾತ್ರವಾಗಿದ್ದರೆ, ಅದು ಹೋದಮೇಲೆ ಮೀನು ಚದುರಬೇಕಾಗಿತ್ತೇ ಹೊರತು ಅಳಿಯಬೇಕಾಗಿರಲಿಲ್ಲ.

ಅದಕ್ಕೂ ಮುನ್ನ, 1996ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಆ ಪ್ರಾಂತದ 16 ಸರೋವರಗಳನ್ನು ಪರೀಕ್ಷಿಸಿ, ದಡದಲ್ಲಿ ವಿಹಾರಗೃಹಗಳೆದ್ದಲ್ಲಿ ನೀರಿನೊಳಗಿನ ಮರಗಳು ತೀರ ವಿರಳವಾಗಿರುವುದನ್ನು ತೋರಿಸಿತ್ತು. ಮನೆ ಕಟ್ಟಿದವನು ಮೊದಲು ದಡದ ಮರವನ್ನು ಕಡಿಯುತ್ತಾನೆ, ಆಮೇಲೆ ದೋಣಿಗೆ ಅಡ್ಡವೆಂದು ನೀರಿನೊಳಗಿನ ಮರವನ್ನು ಎಳೆಸುತ್ತಾನೆ, ಕೊನೆಗೆ ಮೀನಿಲ್ಲವೆಂದು ಇಲಾಖೆಗೆ ಅರ್ಜಿ ಬರೆಯುತ್ತಾನೆ. ಅದೇ ವಿಸ್ಕಾನ್ಸಿನ್ನಿನಲ್ಲಿ ಈಗ ಫಿಶ್ ಸ್ಟಿಕ್ಸ್ ಎಂಬ ಹೆಸರಿನಿಂದ, ಕೆಲವು ಇಡೀ ಮರಗಳನ್ನು ಒಟ್ಟುಗೂಡಿಸಿ, ಬುಡವನ್ನು ದಡಕ್ಕೆ ಬಂಧಿಸಿ, ತುದಿಯನ್ನು ನೀರಿನೊಳಕ್ಕೆ ಚಾಚಿಡುವ ಯೋಜನೆ ನಡೆಯುತ್ತಿದೆ. ಅದಕ್ಕೆ ಬೇಕಾದ ಮರಗಳನ್ನು ದಡದಿಂದ ದೂರದಲ್ಲಿ ಕಡಿದು ತರುತ್ತಾರೆ. ಮುಂದೆ ತಾನಾಗಿ ನೀರಿಗೆ ಬೀಳಬೇಕಾದ ಮರವನ್ನು ಇಂದೇ ಕಡಿದು ಹಾಕಿದರೆ ಸಾಲ ತೀರಿಸಲು ಸಾಲ ಮಾಡಿದ ಲೆಕ್ಕವಾಗುವುದಷ್ಟೆ.

ಇಲ್ಲಿ ನನ್ನ ಅಭಿರುಚಿಯನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಕೊಳದ ನಡುಮಧ್ಯದ ಆಳದಲ್ಲಿ ಹತ್ತು ಮರಗಳ ರಾಶಿಯನ್ನು ಕೆಡವಿ, ಅದರ ಮೇಲೆ ತೇಲುಗುರುತನ್ನು ಕಟ್ಟಿ, ಸಂಜೆಯೆಲ್ಲ ಅದರ ನೆತ್ತಿಯ ಮೇಲೆ ದೋಣಿ ನಿಲ್ಲಿಸಿಕೊಂಡು ಮೀನೆತ್ತುವವರ ಸಾಮರ್ಥ್ಯವನ್ನು ನಾನು ಒಪ್ಪುತ್ತೇನೆ, ಅವರ ರಸಿಕತೆಯನ್ನು ಒಪ್ಪಲಾರೆ. ದಡದ ಇಳಿಜಾರಿನಲ್ಲಿ, ಮೊಣಕಾಲುದ್ದದ ನೀರಿನಿಂದ ಆಳು ಮುಳುಗುವ ಆಳದವರೆಗೆ ಓರೆಯಾಗಿ ಮಲಗಿದ ಒಂದೇ ಒಂದು ಇಡೀ ಮರವು ಅಂಥ ರಾಶಿಗಿಂತ ಎಲ್ಲ ವಿಧದಲ್ಲಿಯೂ ಮೇಲು. ಮೇಲ್ಗಡೆಯ ಬೆಚ್ಚನೆಯ ನೀರಿನಲ್ಲಿ ಮರಿಗಳು, ನಡುವೆ ಬ್ಲೂಗಿಲ್, ತುದಿಯಲ್ಲಿ ಬಾಸ್, ಹೀಗೆ ಋತುವಿಗೂ ವಯಸ್ಸಿಗೂ ತಕ್ಕಂತೆ ಬೇರೆಬೇರೆ ನೆಲೆಗಳು ಅದರಲ್ಲಿ ಏರ್ಪಡುತ್ತವೆ; ಬಾಸಿನ ಗಂಡು ಗೂಡು ಮಾಡುವಾಗಲೂ ಒಂದು ಪಕ್ಕದಲ್ಲಿ ದಿಮ್ಮಿಯ ಕಾವಲಿದ್ದರೆ ಅದನ್ನೇ ಆರಿಸಿಕೊಳ್ಳುತ್ತದೆ. ಆಳದ ರಾಶಿಗೆ ಇನ್ನೊಂದು ದೋಷವುಂಟು. ಬೇಸಗೆಯಲ್ಲಿ ಇಂಥ ಕೊಳದ ನೀರು ಎರಡು ಅಂತಸ್ತುಗಳಾಗಿ ಬೇರ್ಪಡುತ್ತದೆ. ಮೇಲಿನ ಬಿಸಿನೀರು ಕೆಳಗಿನ ತಣ್ಣೀರಿನೊಡನೆ ಬೆರೆಯದೆ, ಕೆಳಗಿನ ಅಂತಸ್ತಿನ ಆಮ್ಲಜನಕವು ಕ್ರಮೇಣ ಬರಿದಾಗುತ್ತದೆ. ಅನೇಕ ಕೊಳಗಳಲ್ಲಿ ಎಂಟು ಹತ್ತು ಅಡಿಗಳ ಕೆಳಗೆ ಮೀನಿಗೆ ಉಸಿರೇ ಇರುವುದಿಲ್ಲ. ಅಲ್ಲಿಟ್ಟ ಮರವು ಜುಲೈ ಆಗಸ್ಟ್ ತಿಂಗಳುಗಳಲ್ಲಿ ಬಾಡಿಗೆಗೆ ಹೋಗದ ಮನೆ.

ಮರದ ಆಯ್ಕೆಯ ವಿಚಾರದಲ್ಲಿ ಬಹಳ ವಾಗ್ವಾದ ಬೇಡ. ಕ್ರಿಸ್‌ಮಸ್ಸಿನ ಪೈನ್ ಫರ್‌ಗಳ ಸಣ್ಣ ಕಡ್ಡಿಗಳು ಕೆಲವೇ ವರ್ಷಗಳಲ್ಲಿ ಶಿಥಿಲವಾಗುತ್ತವೆ. ಸೀಡರ್ ಅವುಗಳಿಗಿಂತ ಬಾಳುತ್ತದೆ. ಓಕ್ ಮೊದಲಾದ ಗಟ್ಟಿಮರಗಳು ದೀರ್ಘಾಯುಷಿಗಳು. ಸೊಪ್ಪು ತುಂಬಿದ ಹಸಿಮರಗಳನ್ನು ಮಾತ್ರ ಬೇಸಗೆಯಲ್ಲಿ ಸಣ್ಣ ಕೊಳಕ್ಕೆ ಒಮ್ಮೆಗೇ ಇಳಿಸಬಾರದು; ಎಲೆ ಕೊಳೆಯುವಾಗ ಮೀನಿನ ಪಾಲಿನ ಆಮ್ಲಜನಕವನ್ನು ಅದು ಕಬಳಿಸುತ್ತದೆ.

ಎಷ್ಟು ಹಾಕಬೇಕೆಂಬುದು ಇದಕ್ಕಿಂತ ಗಹನವಾದ ಪ್ರಶ್ನೆ. ಉತ್ಸಾಹಿಗಳು ಕೊಳವನ್ನು ಕಾಡುಮಾಡಿಬಿಡುತ್ತಾರೆ. ಬ್ಲೂಗಿಲ್ಲಿನ ಸಂತಾನಶಕ್ತಿ ಅಪಾರವಾದುದು. ಮರೆ ವಿಪರೀತವಾದರೆ ಅದರ ಮರಿಗಳೆಲ್ಲ ಉಳಿದುಕೊಳ್ಳುತ್ತವೆ, ಬಾಸ್ ಆ ಪೊದೆಯೊಳಗೆ ನುಗ್ಗಲಾರದೆ ಹೊರಗೆ ಹಸಿದು ನಿಲ್ಲುತ್ತದೆ, ಒಳಗಿನ ಬ್ಲೂಗಿಲ್‌ಗಳು ಒಂದರ ಅನ್ನವನ್ನು ಇನ್ನೊಂದು ಕಿತ್ತು ತಿನ್ನುತ್ತ ಅಂಗೈಯಗಲಕ್ಕೂ ಬೆಳೆಯದೆ ಮುದಿಯಾಗುತ್ತವೆ. ಸ್ವಿಂಗಲ್ ಅವರು ಜೀವಮಾನವಿಡೀ ಅರಸಿದ್ದು ತಿನ್ನುವ ಮೀನಿಗೂ ತಿನ್ನಿಸಿಕೊಳ್ಳುವ ಮೀನಿಗೂ ನಡುವಣ ಸಮತೋಲನವನ್ನು. ಒಂದು ಎಕರೆಯ ಕೊಳದಲ್ಲಿ ಆ ತಕ್ಕಡಿಯನ್ನು ಕೆಡಿಸುವುದಕ್ಕೆ ಗರಗಸ ಹಿಡಿದ ಒಬ್ಬನೇ ಉತ್ಸಾಹಿ ಸಾಕು. ಕೊಂಬೆಗಳ ನಡುವೆ ದೊಡ್ಡ ಮೀನಿನ ತಲೆ ತೂರುವಷ್ಟು ತೆರಪಿರಬೇಕು, ದಡದ ಬಹುಪಾಲು ಬಯಲಾಗಿಯೇ ಉಳಿಯಬೇಕು ಎಂಬುದು ನನ್ನ ಮತ.

ಮರವನ್ನು ನೀರಿಗಿಳಿಸಿ ಮೀನು ಸಾಕುವ ವಿದ್ಯೆ ಅಮೆರಿಕದವರ ಸ್ವಂತ ಆಸ್ತಿಯಲ್ಲ. ಪಶ್ಚಿಮ ಆಫ್ರಿಕದ ಬೆನಿನ್ ದೇಶದ ನೊಕೂಎ ಸರೋವರದಲ್ಲಿ ಬೆಸ್ತರು ಆಳವಿಲ್ಲದ ನೀರಿನಲ್ಲಿ ಕೊಂಬೆಗಳನ್ನು ಒತ್ತಾಗಿ ನೆಟ್ಟು, ಅದಕ್ಕೆ ಅಕಾಜ ಎಂದು ಹೆಸರಿಟ್ಟು, ತಿಂಗಳುಗಟ್ಟಲೆ ಕಾದು, ಆಮೇಲೆ ಸುತ್ತಲೂ ಬಲೆ ಕಟ್ಟಿ ಕೊಂಬೆಗಳನ್ನು ಕಿತ್ತು ಮೀನನ್ನು ಕೊಯ್ಲು ಮಾಡುತ್ತಾರೆ. ಬಾಂಗ್ಲಾದೇಶದ ಹೊಳೆಗಳಲ್ಲಿ ಇದರ ಬಂಧುವೊಂದು ಕಾಠಾ ಎಂಬ ಹೆಸರಿನಲ್ಲಿದೆ. ಅಲ್ಲಿ ಮರ ಹೋಗಿ ಬಿದಿರು ಬಂದು, ಬಿದಿರಿಗೆ ಹತ್ತಿದ ಪಾಚಿಯನ್ನು ಮೇಯುವ ರೋಹು ಮೀನಿನ ಮೇಲೆ ಗಣ್ಯವಾದ ಸಂಶೋಧನೆ ನಡೆದಿದೆ. ನಮ್ಮ ಮಂಗಳೂರಿನ ಮೀನುಗಾರಿಕಾ ಕಾಲೇಜಿನವರೂ ಈ ದಾರಿಯಲ್ಲಿ ನಡೆದವರೇ: 1990ರ ದಶಕದ ಕೊನೆಯ ಸುಮಾರಿಗೆ ಅವರು ಕಬ್ಬಿನ ಸಿಪ್ಪೆ, ಭತ್ತದ ಹುಲ್ಲು ಮೊದಲಾದುವನ್ನು ಕೊಳದ ನೀರಿನಲ್ಲಿ ತೂಗುಬಿಟ್ಟು, ಅವಕ್ಕೆ ಹತ್ತುವ ಸೂಕ್ಷ್ಮಜೀವಿಗಳ ಪದರದಿಂದ ಗೆಂಡೆಜಾತಿಯ ಮೀನುಗಳ ಬೆಳವಣಿಗೆ ಹೆಚ್ಚುವುದನ್ನು ಪರೀಕ್ಷಿಸಿದರು; ಅವರ ಪ್ರಯೋಗಗಳಲ್ಲಿ ಕಬ್ಬಿನ ಸಿಪ್ಪೆಗೆ ಒಳ್ಳೆಯ ಹೆಸರು ಬಂದಿತು. ಆದರೆ ನಮ್ಮ ಕೆರೆಗಳಲ್ಲಿ ಮೀನು ಹಿಡಿಯುವುದು ಎಳೆಬಲೆಯಿಂದ. ತಳದಲ್ಲಿ ಮಲಗಿದ ಮರ ಬಲೆಗೆ ಯಮ. ಆದುದರಿಂದ ಅಮೆರಿಕದ ಪದ್ಧತಿಯನ್ನು ಅದರ ರೆಂಬೆಕೊಂಬೆಗಳ ಸಮೇತ ಇಲ್ಲಿಗೆ ತರಬೇಕೆಂದು ನಾನು ಹೇಳೆನು.

ಮರವಿರುವ ನೀರಿನಲ್ಲಿ ಗಾಳ ಹಾಕುವವರಿಗೆ ಎರಡು ಮಾತು. ದಾರವನ್ನು ಮರಕ್ಕೆ ಅಡ್ಡಲಾಗಿ ಎಸೆಯಬೇಡಿ. ಕಾಂಡದ ಉದ್ದಕ್ಕೆ ಸಮಾನಾಂತರವಾಗಿ, ಕೊಂಬೆಗಳ ತುದಿಯಿಂದ ಒಂದು ಮೊಳ ಹೊರಗೆ ಎಸೆದು ನಿಧಾನವಾಗಿ ಎಳೆದುಕೊಳ್ಳಿ. ಕಚ್ಚಿದ ಮೀನಿಗೆ ತಲೆ ತಿರುಗಿಸಿ ಒಳಹೊಗುವ ಅವಕಾಶವನ್ನು ಕೊಡದಿರಿ. ಕ್ರ್ಯಾಪಿಯಾದರೆ ಎಸೆತವೇ ಬೇಡ, ದೋಣಿಯಿಂದ ನೆಟ್ಟಗೆ ಇಳಿಬಿಟ್ಟರೆ ಸಾಕು, ಅದು ಮರದ ನೆತ್ತಿಗಿಂತ ತುಸು ಮೇಲೆ ತೂಗಿಕೊಂಡಿರುತ್ತದೆ. ಗಾಳ ಸಿಕ್ಕಿಕೊಳ್ಳುವುದು ಕಡಿಮೆಯಾಗುತ್ತ ಬಂದಿತೆಂದರೆ ಸಣ್ಣ ಕಡ್ಡಿಗಳು ಕೊಳೆತು ಉದುರಿದುವೆಂದೇ ತಿಳಿಯಬೇಕು. ಆಗ ಹಳೆಯ ಮರವನ್ನು ಎಳೆದು ಹೊರಹಾಕದೆ, ಅದರ ಪಕ್ಕದಲ್ಲಿಯೇ ಹೊಸದನ್ನು ಇಳಿಸತಕ್ಕದ್ದು. ಬಸವನಹುಳುಗಳಿಗೂ ಕೀಟದ ಮರಿಗಳಿಗೂ ಅತ್ತಣಿಂದಿತ್ತ ದಾಟಿಕೊಳ್ಳುವುದಕ್ಕೆ ಆ ಹಳೆಯ ಬೊಡ್ಡೆಯೇ ದಾರಿ.