ಕೆರೆಯೊಳಗಿನ ಬೆಟ್ಟ

ಈ ಸಂಚಿಕೆಗೆಂದು ವಯನಾಡಿನಿಂದ ಬಂದ ಛಾಯಾಚಿತ್ರಗಳ ಕಟ್ಟನ್ನು ಬಿಚ್ಚಿ ಕುಳಿತಾಗ ಮೊದಲು ಕೈಗೆ ಸಿಕ್ಕಿದ್ದು ಪೂಕೋಡು ಸರೋವರ. ಮೇಲೆ ಬೆಟ್ಟ, ಕೆಳಗೆ ಬೆಟ್ಟ, ನಡುವೆ ಗೆರೆ ಎಳೆದಂತೆ ದಡ. ಚೆಲುವಾದ ಚಿತ್ರವೇ. ಎರಡನೆಯ ಸಲ ನೋಡಿದಾಗ ಅನುಮಾನ ಬಂತು. ನೀರಿನ ಬೆಟ್ಟವು ದಡದ ಬೆಟ್ಟಕ್ಕಿಂತ ಬೆಳ್ಳಗಿದೆ. ಕೊಂಬೆಗೆ ಕೊಂಬೆ ತಾಳೆಯಾಗುತ್ತಿದೆ. ಮೇಲಿನ ಅರ್ಧವನ್ನೇ ಗಣಕಯಂತ್ರದಲ್ಲಿ ಮಗುಚಿ ಅಂಟಿಸಿದ್ದಾರೆ!

ನಿಜವಾದ ಪ್ರತಿಬಿಂಬ ಹಾಗಿರುವುದಿಲ್ಲ. ನೀರು ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಹಿಂದಿರುಗಿಸದು, ಒಂದಷ್ಟನ್ನು ಒಳಗೆಳೆದುಕೊಳ್ಳುತ್ತದೆ. ಹಾಗಾಗಿ ಬೆಟ್ಟಕ್ಕಿಂತ ಅದರ ಪ್ರತಿಬಿಂಬ ತುಸು ಕಪ್ಪೇ. ಅಲ್ಲದೆ ಕೆಮರಾ ನೀರಿನಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಆಳದಿಂದ ಕಂಡ ನೋಟ ಅದು. ದಡದ ಮರ ಅಲ್ಲಿ ಬೆಟ್ಟವನ್ನು ಹೆಚ್ಚು ಮರೆಸುತ್ತದೆ, ಬಾಗಿದ ಕೊಂಬೆಯ ಕೆಳಮೈ ಕಾಣುತ್ತದೆ. ನೀರು ನಕಲು ಮಾಡುವುದಿಲ್ಲ, ತನ್ನ ಕಡೆಯಿಂದ ನೋಡುತ್ತದೆ. ಮಗುಚಿದ ಚಿತ್ರದಲ್ಲಿ ಕಳೆದುಹೋಗುವುದು ಈ ನೋಟವೇ.

ಇಂಥ ಚಿತ್ರಗಳ ಹಿರಿಯರಲ್ಲೊಬ್ಬ ಅಮೆರಿಕದ ಕಾರ್ಲ್‌ಟನ್ ವಾಟ್ಕಿನ್ಸ್. 1861ರಲ್ಲಿ ಆತ ಕ್ಯಾಲಿಫೋರ್ನಿಯದ ಯೊಸೆಮಿಟಿ ಕಣಿವೆಗೆ ಹೇಸರಗತ್ತೆಗಳ ಮೇಲೆ ಹೊರೆ ಹೊರಿಸಿಕೊಂಡು ಹೋದ. 18×22 ಅಂಗುಲದ ಗಾಜಿನ ಹಲಗೆಗಳು. ಡೇರೆಯ ಕತ್ತಲಲ್ಲಿ ಗಾಜಿಗೆ ಕೊಲೋಡಿಯನ್ ಬಳಿದು, ಬೆಳ್ಳಿಯ ಲವಣದಲ್ಲಿ ಅದ್ದಿ, ಅದು ಒಣಗುವುದರೊಳಗೆ ಚಿತ್ರ ತೆಗೆದು ತೊಳೆದು ಮುಗಿಸಬೇಕು. ಕಿಂಡಿ ತೆರೆದಿರುವಷ್ಟು ಹೊತ್ತು ಗಾಳಿ ಬೀಸಿದರೆ ನೀರಿನೊಳಗಿನ ಬೆಟ್ಟ ಅಳಿಸಿಹೋಯಿತು! ಅವನ ಕೊಳಗಳ ನಿಶ್ಚಲತೆ ಕಾದು ಪಡೆದದ್ದು, ಅದಕ್ಕೇ ಅದರಲ್ಲಿ ತೂಕವಿದೆ. ಆ ಕಣಿವೆಯನ್ನು ಕಾಪಾಡುವ ಕಾಯಿದೆಗೆ 1864ರಲ್ಲಿ ಲಿಂಕನ್ ಸಹಿ ಹಾಕಿದ್ದರ ಹಿಂದೆ ಈ ಚಿತ್ರಗಳ ಪ್ರಭಾವವೂ ಇತ್ತೆನ್ನುತ್ತಾರೆ. ಅಲ್ಲಿನ ಮಿರರ್ ಲೇಕ್ ಎಂಬ ಕೊಳದಲ್ಲಿ ನೆರಳು ಚೆಲ್ಲುವ ಬೆಟ್ಟವೊಂದಕ್ಕೆ ಅವನದೇ ಹೆಸರು.

ಇಲ್ಲಿ ನನಗೊಂದು ತಕರಾರಿದೆ. ಆ ದಡಗಳಲ್ಲಿ ಜನ ಕಾಣುವುದು ತೀರ ಅಪರೂಪ. ಹತ್ತು ವರ್ಷ ಹಿಂದೆ, 1851ರಲ್ಲಿ, ಕಣಿವೆಯ ಮೂಲನಿವಾಸಿಗಳನ್ನು ಸಶಸ್ತ್ರ ದಂಡೊಂದು ಹೊರದೂಡಿತ್ತು. ಮೇಲಿನ ಸರೋವರಕ್ಕೆ ಅವರ ಮುಖಂಡ ತೆನಾಯನ ಹೆಸರಿಟ್ಟಾಗ, ಅದಕ್ಕೆ ಮೊದಲೇ ಹೆಸರಿದೆಯಲ್ಲ ಎಂದನಂತೆ ಆ ಮುದುಕ. ಹೀಗೆಂದು ದಂಡಿನಲ್ಲಿದ್ದ ಬನೆಲ್ ಎಂಬಾತನೇ ಬರೆದಿಟ್ಟಿದ್ದಾನೆ. ಹೊಸದುರ್ಗವನ್ನು ಕಾಞಂಗಾಡು ಎಂದೂ ಕೇಳಿ ಬೆಳೆದ ನಮಗೆ, ಒಂದು ಜಾಗಕ್ಕೆ ಎರಡು ಹೆಸರಿದ್ದರೆ ಎರಡು ಬಗೆಯ ಬದುಕೂ ಇದೆಯೆಂದು ಹೇಳಿಕೊಡಬೇಕಾಗಿಲ್ಲ. ಎರಡನ್ನೂ ಹೇಳುವವರಿರುವಷ್ಟು ದಿನ ಸರಿ. ವಾಟ್ಕಿನ್ಸನ ಕೊಳದಲ್ಲಿ ಬೆಟ್ಟ ಪೂರ್ತಿ ಮೂಡಿದೆ, ಅದನ್ನು ಹೆಸರು ಹಿಡಿದು ಕರೆದವರು ಮೂಡಿಲ್ಲ. ಗಾಜು ನಿಧಾನವಾಗಿತ್ತು, ನಡೆದಾಡುವವರು ಮೂಡುತ್ತಿರಲಿಲ್ಲ ಎಂದು ಸಮಾಧಾನ ಹೇಳಬಹುದು. ಇಂದಿನ ಕೆಮರಾಕ್ಕೆ ಆ ನೆಪವಿಲ್ಲ. ಆದರೂ ನಮ್ಮ ಹುಡುಗರು ದೋಣಿಯವನು ದಾಟಿಹೋಗಲೆಂದು ಕಾಯುತ್ತಾರೆ, ತಂತಿ ಕಂಬ ಅಳಿಸುತ್ತಾರೆ.

ಮಿರರ್ ಲೇಕ್ ಈಗ ಹೂಳು ತುಂಬುತ್ತಿದೆ. ಮರಳೆತ್ತುವುದನ್ನು 1971ರಲ್ಲಿ ನಿಲ್ಲಿಸಿದರು. ಬೇಸಿಗೆಯ ಕೊನೆಗೆ ಹೋದವರಿಗೆ ಕನ್ನಡಿ ಸಿಗದು, ಮರಳು ಸಿಗುತ್ತದೆ. ಅದರ ಚಿತ್ರ ಪಂಚಾಂಗದ ಹಾಳೆಯಲ್ಲಿ ಬರುವುದಿಲ್ಲ.

ಕಟ್ಟಿನ ತಳದಲ್ಲಿ ಪೂಕೋಡಿನದೇ ಇನ್ನೊಂದು ಚಿತ್ರವಿತ್ತು. ದೋಣಿಯೊಂದು ಬೆಟ್ಟದ ನೆರಳನ್ನು ಸೀಳಿಕೊಂಡು ಹೋಗಿದೆ. ಶಿಖರ ಮೂರು ತುಂಡು. ಹುಟ್ಟು ಹಾಕುವವನ ಮುಖ ಸ್ಪಷ್ಟವಿಲ್ಲ, ಹೆಗಲು ಕಾಣುತ್ತದೆ. ಬೆಳಕು ಸಾಲದು, ದಿಗಂತವೂ ಓರೆ. ಸಂಪಾದಕರಿಗೆ ಕೊಟ್ಟದ್ದು ಅದನ್ನೇ.